ಹಲ್ಲಿನಲ್ಲಿ ಕೂತ ಗಾಜು: ಮೂರು ವರ್ಷ ಬಾಯಲ್ಲಿಟ್ಟುಕೊಂಡು ಬರೆದ ವಿಮರ್ಶೆ

ಈ ವಸ್ತುವನ್ನು ನಾನು ಅಂಗಡಿಯಲ್ಲಿ ಹಿಡಿದು ನೋಡಿ ಆರಿಸಿದ್ದಲ್ಲ. ಮಲಗಿ, ಬಾಯಿ ತೆರೆದು ಹಾಕಿಸಿಕೊಂಡದ್ದು. ಕೆಳದವಡೆಯ ಎಡಭಾಗದಲ್ಲಿ, ಕೋರೆಹಲ್ಲಿನ ಹಿಂದಿನ ಹಲ್ಲಿನ ಬುಡದಲ್ಲಿ, ವಸಡಿಗೆ ತಾಗಿಕೊಂಡು ಕತ್ತರಿಸಿದ ಉಗುರಿನ ಚೂರಿನಷ್ಟು ಗಾಜಿನ ಸಿಮೆಂಟು ಮೂರು ವರ್ಷದಿಂದ ಕೂತಿದೆ. ದಂತವೈದ್ಯರು ಅದನ್ನು ಗ್ಲಾಸ್ ಅಯಾನೋಮರ್ ಎನ್ನುತ್ತಾರೆ, ಚುಟುಕಾಗಿ ಜಿಐಸಿ. ಇದಕ್ಕೂ ಮೊದಲು ಅದೇ ಗುಳಿಯಲ್ಲಿ ಇದೇ ಜಾತಿಯ ಇನ್ನೊಂದು ಫಿಲ್ಲಿಂಗ್ ಇತ್ತು. ಅದು ಐದು ತಿಂಗಳಿಗೆ ಕಳಚಿಬಿತ್ತು. ಆದ್ದರಿಂದ ಇದು ಒಂದೇ ಸರಕಿನ ಎರಡು ಅನುಭವಗಳ ವಿಮರ್ಶೆ.

ಗುಳಿ ಬಿದ್ದದ್ದು ಹುಳುಕಿನಿಂದಲ್ಲ, ನನ್ನ ಶಿಸ್ತಿನಿಂದ. ಹಲ್ಲುಜ್ಜುವ ಬ್ರಷ್ಷನ್ನು ಗರಗಸದ ಹಾಗೆ ಅಡ್ಡಡ್ಡ ಎಳೆದು ಎಳೆದು ಹಲ್ಲಿನ ಕೊರಳನ್ನೇ ಸವೆಸಿಕೊಂಡಿದ್ದೆ. ತಣ್ಣೀರು ತಾಗಿದರೆ ನೆತ್ತಿಯವರೆಗೆ ಜುಮ್ಮೆನ್ನುತ್ತಿತ್ತು.

ಹಲ್ಲಿನ ವಿಷಯದಲ್ಲಿ ನಾನು ಬರೀ ರೋಗಿ. ಗಾಜಿನ ವಿಷಯದಲ್ಲಿ ಮಾತ್ರ ಸ್ವಲ್ಪ ಬಾಯಿ ಹಾಕುವ ಹಕ್ಕಿದೆ. ಇಪ್ಪತ್ತರ ಹರೆಯದ ನಾಲ್ಕು ವರ್ಷಗಳನ್ನು ನಾನು ಜಿರ್ಕೋನಿಯಂ ಫ್ಲೋರೈಡ್ ಗಾಜಿನ ಬಿಲ್ಲೆಗಳ ಜೊತೆ ಕಳೆದೆ. ಬಿಲ್ಲೆಯ ಎರಡೂ ಮುಖಗಳಿಗೆ ಚಿನ್ನದ ತೆಳು ಲೇಪ, ನಡುವೆ ಗಾಜು, ಸುತ್ತ ಪುಟ್ಟ ಕುಲುಮೆ. ಒಂದೊಂದೇ ಡಿಗ್ರಿ ಬಿಸಿ ಏರಿಸುತ್ತಾ ಒಳಗಿನ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಎಷ್ಟು ಸಲೀಸಾಗಿ ಜರುಗುತ್ತವೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ಆ ಗಾಜಿನ ವಂಶ ಶುರುವಾದದ್ದು 1974ರ ಸುಮಾರಿಗೆ, ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದಲ್ಲಿ, ಅದೂ ಆಕಸ್ಮಿಕವಾಗಿ. ಪೂಲೇನ್ ಸಹೋದರರು ಮತ್ತು ಜಾಕ್ ಲ್ಯೂಕಾ ಹರಳು ಬೆಳೆಸಲು ಹೊರಟಿದ್ದರು, ಸಿಕ್ಕಿದ್ದು ಗಾಜು. ಆಮೇಲೆ ಅದು ಜಿರ್ಕೋನಿಯಂ, ಬೇರಿಯಂ, ಲ್ಯಾಂಥನಮ್, ಅಲ್ಯೂಮಿನಿಯಂ, ಸೋಡಿಯಂ ಐದರ ಫ್ಲೋರೈಡುಗಳು ಸೇರಿದ ಜಿಬ್ಲಾನ್ ಆಗಿ ಬೆಳೆಯಿತು.

ನೆನಪಿಗಾಗಿ ಹಳೆಯ ಗಾಜನ್ನು ಎಳೆದು ತಂದದ್ದಲ್ಲ. ಅದನ್ನು ಪಕ್ಕದಲ್ಲಿಡದೆ ಹಲ್ಲಿನ ಗಾಜಿನ ಗುಣ ನನಗೆ ಅರ್ಥವಾಗುತ್ತಲೇ ಇರಲಿಲ್ಲ. ಕಿಟಕಿಯ ಗಾಜಿನಲ್ಲಿ ಪ್ರತಿ ಸಿಲಿಕಾನಿನ ಸುತ್ತ ನಾಲ್ಕು ಆಕ್ಸಿಜನ್, ಹೆಚ್ಚಿನ ಆಕ್ಸಿಜನ್ನುಗಳು ಪಕ್ಕದ ಸಿಲಿಕಾನಿಗೂ ಕೈ ಚಾಚಿ ಜಾಲ ಹೆಣೆಯುತ್ತವೆ. ಆ ಜಾಲ ಅಲುಗುವುದಿಲ್ಲ, ಸಂದಿಯಲ್ಲಿರುವ ಸೋಡಿಯಂ ಮಾತ್ರ ಅತ್ತಿತ್ತ ಜರುಗುತ್ತದೆ. ಜಿಬ್ಲಾನಿನ ರೀತಿಯೇ ಬೇರೆ. ಜಿರ್ಕೋನಿಯಮ್ಮಿನ ಸುತ್ತ ಹೆಚ್ಚಾಗಿ ಏಳೋ ಎಂಟೋ ಫ್ಲೋರೈಡ್. ಪಕ್ಕದ ಜಿರ್ಕೋನಿಯಮ್ಮಿನ ಜೊತೆ ಕೆಲವು ಕಡೆ ಒಂದು ಮೂಲೆ ಹಂಚಿಕೆ, ಕೆಲವು ಕಡೆ ಇಡೀ ಅಂಚು ಹಂಚಿಕೆ. ದೊಡ್ಡ ಮೈಯ ಬೇರಿಯಂ ಸಂದಿಗಳಲ್ಲಿ. ಫ್ಲೋರೈಡಿನ ಮೇಲೆ ಇರುವುದು ಒಂದೇ ಋಣ ಆವೇಶ, ಹಿಡಿತ ಸಡಿಲ. ಹಾಗಾಗಿ ಗಾಜು ಮೆತ್ತಗಾಗುವ 260 ಡಿಗ್ರಿಗಿಂತ ಬಹಳ ಕೆಳಗೇ ಫ್ಲೋರೈಡುಗಳು ಒಂದು ತಾಣದಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಕಟ್ಟಡದ ಇಟ್ಟಿಗೆಯೇ ಓಡಾಡುತ್ತದೆ, ಕಟ್ಟಡ ನಿಂತೇ ಇರುತ್ತದೆ. ಮೊದಲ ಸಲ ಆ ಅಳತೆಯ ರೇಖೆ ಕಂಡಾಗ ನಾನು ಉಪಕರಣ ಕೆಟ್ಟಿದೆ ಎಂದುಕೊಂಡು ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ದೆ.

ಆ ಗಾಜಿಗೆ ನೀರು ಕಂಡರಾಗದು. ತೇವ ತಾಗಿದರೆ ಮೇಲ್ಮೈ ಮಬ್ಬಾಗುತ್ತದೆ, ನೀರಿನಿಂದ ಒಡೆದು ಒಳಗೆ ಸೇರಿದ ಹೈಡ್ರಾಕ್ಸಿಲ್ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್) ಅವಗೆಂಪು ಬೆಳಕನ್ನು ಮೂರು ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ನುಂಗುತ್ತದೆ. ಒಣ ಅನಿಲ ತುಂಬಿದ ಪೆಟ್ಟಿಗೆಯೊಳಗೆ ದಪ್ಪ ಕೈಗವಸು ತೂರಿಸಿ ಬೆವರುತ್ತಾ ಕೆಲಸ ಮಾಡಿದವಳಿಗೆ, ಫ್ಲೋರೈಡ್ ಸೇರಿದ ಗಾಜಿನ ಪುಡಿಯನ್ನು ನೀರಿನಲ್ಲೇ ಕಲಸಿ, ಸದಾ ಉಗುಳು ಒಸರುವ ಬಾಯಿಗೆ ತುಂಬುತ್ತಾರೆ ಎಂದು ತಿಳಿದಾಗ ಹೇಗಾಗಿರಬೇಡ! ಕುರ್ಚಿಯಲ್ಲಿ ಮಲಗಿದ್ದಾಗ ಪಕ್ಕದ ತಟ್ಟೆಯಲ್ಲಿದ್ದ ಸೀಸೆಯ ಚೀಟಿ ಓದಿದೆ. ಫ್ಲೋರೋ ಅಲ್ಯೂಮಿನೋ ಸಿಲಿಕೇಟ್ ಗಾಜು ಎಂದಿತ್ತು. ಇದು ಉಳಿಯುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ತೀರ್ಪು ಕೊಟ್ಟೆ. ಐದು ತಿಂಗಳ ನಂತರ ಅದು ನಿಜವೂ ಆಯಿತು, ಆದರೆ ನಾನು ಊಹಿಸಿದ ಕಾರಣಕ್ಕಲ್ಲ.

ಫಿಲ್ಲಿಂಗ್ ಬಿದ್ದ ಮೇಲೆ ಪಟ್ಟುಹಿಡಿದು ಓದಿದೆ. ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ 1960ರ ದಶಕದ ಕೊನೆಗೆ ಈ ಸಿಮೆಂಟನ್ನು ರೂಪಿಸಿದರು, 1970ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಅದಕ್ಕೂ ಹಿಂದೆ ಸಿಲಿಕೇಟ್ ಸಿಮೆಂಟ್ ಎಂಬುದೊಂದಿತ್ತು. ಅದರಲ್ಲೂ ಫ್ಲೋರೈಡ್ ಬೆರೆತ ಗಾಜಿನ ಪುಡಿಯೇ, ಜೊತೆಗೆ ಫಾಸ್ಫಾರಿಕ್ ಆಮ್ಲ. ಆ ಸಿಮೆಂಟ್ ಬೇಗ ಕರಗುತ್ತಿತ್ತು, ಆದರೆ ಅದರ ಅಕ್ಕಪಕ್ಕದಲ್ಲಿ ಹೊಸ ಹುಳುಕು ವಿರಳ ಎಂಬುದನ್ನು ದಂತವೈದ್ಯರು ಗಮನಿಸಿದ್ದರು. ವಿಲ್ಸನ್ ತಂಡ ಫಾಸ್ಫಾರಿಕ್ ಆಮ್ಲವನ್ನು ಬಿಟ್ಟು ಪಾಲಿಅಕ್ರಿಲಿಕ್ ಆಮ್ಲವನ್ನು ಹಿಡಿಯಿತು. ಅದು ಉದ್ದನೆಯ ಸರಪಳಿ, ಉದ್ದಕ್ಕೂ ಆಮ್ಲದ ಕೊಂಡಿಗಳು. ಸಮಸ್ಯೆ ಒಂದೇ: ಅದು ದುರ್ಬಲ ಆಮ್ಲ. ಒಳ್ಳೆಯ ಗಾಜು ಅದಕ್ಕೆ ಜಗ್ಗುವುದಿಲ್ಲ. ಅಂದರೆ ಬೇಕಾದದ್ದು ಕೆಟ್ಟ ಗಾಜು, ಹದವರಿತು ಕೆಡಿಸಿದ ಗಾಜು.

ಇಲ್ಲಿಂದ ಮುಂದೆ ಈ ಸರಕಿನ ಬಗ್ಗೆ ನನ್ನ ಗೌರವ ಶುರುವಾಗುತ್ತದೆ. ಸಿಲಿಕಾನಿನ ಕೆಲವು ಜಾಗಗಳಿಗೆ ಅಲ್ಯೂಮಿನಿಯಂ ಕೂರಿಸಿದರೆ ಅದೂ ನಾಲ್ಕು ಆಕ್ಸಿಜನ್ ಸುತ್ತಿಕೊಂಡು ಜಾಲದೊಳಗೆ ಸೇರುತ್ತದೆ. ಆದರೆ ಅದರ ಆವೇಶ ಒಂದು ಕಡಿಮೆ. ಆ ಕೊರತೆಯನ್ನು ತುಂಬಲು ಪಕ್ಕದಲ್ಲಿ ಕ್ಯಾಲ್ಸಿಯಮ್ಮೋ ಸೋಡಿಯಮ್ಮೋ ಸ್ಟ್ರಾನ್ಷಿಯಮ್ಮೋ ಕಾವಲು ಕೂರಬೇಕು. ಅಲ್ಯೂಮಿನಿಯಂ ಮತ್ತು ಸಿಲಿಕಾನ್ ನಡುವಿನ ಆ ಆಕ್ಸಿಜನ್ ಸೇತುವೆಯೇ ಆಮ್ಲಕ್ಕೆ ಸುಲಭದ ತುತ್ತು. ಅಲ್ಯೂಮಿನಿಯಂ ಹೆಚ್ಚಿದಷ್ಟೂ ಅಂಥ ಸೇತುವೆಗಳು ಹೆಚ್ಚು, ಗಾಜು ಆಮ್ಲಕ್ಕೆ ಅಷ್ಟು ಬೇಗ ಬಾಗುತ್ತದೆ. ಎಕ್ಸ್‌ರೇಯಲ್ಲಿ ಫಿಲ್ಲಿಂಗ್ ಎದ್ದು ಕಾಣಲೆಂದು ಈಗ ಬಹಳ ತಯಾರಿಕೆಗಳಲ್ಲಿ ಕ್ಯಾಲ್ಸಿಯಂ ಬದಲು ಸ್ಟ್ರಾನ್ಷಿಯಂ ಇರುತ್ತದೆ. ನನ್ನ ಹಲ್ಲಿನ ಚಿತ್ರದಲ್ಲೂ ಅದು ಬೆಳ್ಳಗೆ ಹೊಳೆಯುತ್ತದೆ.

ಫ್ಲೋರೈಡಿನ ಜಾಗ ಎಲ್ಲಿ? ಅದು ಸಿಲಿಕಾನನ್ನು ಬಿಟ್ಟು ಅಲ್ಯೂಮಿನಿಯಮ್ಮನ್ನು ಹುಡುಕಿಕೊಂಡು ಹೋಗುತ್ತದೆ. ಒಂದು ಕೈ ಅಲ್ಯೂಮಿನಿಯಮ್ಮಿಗೆ, ಇನ್ನೊಂದು ಕ್ಯಾಲ್ಸಿಯಮ್ಮಿಗೋ ಸ್ಟ್ರಾನ್ಷಿಯಮ್ಮಿಗೋ. ಹೀಗೆ ಜಾಲದ ಕೊಂಡಿಗಳು ಅಲ್ಲಲ್ಲಿ ತುಂಡಾಗುವುದರಿಂದ ಗಾಜು ಕಡಿಮೆ ಬಿಸಿಗೇ ಕರಗುತ್ತದೆ, ಕುಲುಮೆಯವನಿಗೆ ಅನುಕೂಲ. ಸಿಲಿಕಾ ಅತಿಯಾದರೆ ಮಾತ್ರ ಫ್ಲೋರೈಡ್ ಸಿಲಿಕಾನ್ ಟೆಟ್ರಾಫ್ಲೋರೈಡ್ ಅನಿಲವಾಗಿ ಕುಲುಮೆಯಿಂದಲೇ ಹಾರಿಹೋಗುತ್ತದೆ. ಫ್ಲೋರೈಡೇ ಅತಿಯಾದರೆ ಗಾಜಿನೊಳಗೆ ಕ್ಯಾಲ್ಸಿಯಂ ಫ್ಲೋರೈಡಿನ ಸಣ್ಣ ಹರಳುಗಳು ಬೇರ್ಪಟ್ಟು ಗಾಜು ಹಾಲುಬಿಳಿಯಾಗುತ್ತದೆ. ಹಳೆಯ ದೀಪದ ಬುರುಡೆಗಳ ಹಾಲುಗಾಜು ನೋಡಿದವರಿಗೆ ಆ ಬಿಳುಪು ಗೊತ್ತು. ಹಲ್ಲಿನ ಸಿಮೆಂಟಿಗೆ ಅದೊಂದು ದೋಷವೇ, ಏಕೆಂದರೆ ಹಲ್ಲು ಸ್ವಲ್ಪ ಬೆಳಕು ಹಾಯಿಸುವ ವಸ್ತು, ಸುಣ್ಣದ ಗೋಡೆಯಲ್ಲ.

ನನ್ನ ಹಳೆಯ ಗಾಜಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಜಿಬ್ಲಾನಿನಲ್ಲಿ ಫ್ಲೋರೈಡ್ ಗೋಡೆಯ ಇಟ್ಟಿಗೆ. ಇಲ್ಲಿ ಅದು ಬಾಡಿಗೆದಾರ. ಖಾಲಿ ಮಾಡಿಕೊಂಡು ಹೋದರೂ ಮನೆ ಬೀಳುವುದಿಲ್ಲ.

ಈಗ ಮೊದಲ ಫಿಲ್ಲಿಂಗಿನ ಕತೆ. ಪುಡಿ ಒಂದು ಸೀಸೆಯಲ್ಲಿ, ದ್ರವ ಇನ್ನೊಂದರಲ್ಲಿ, ಕೈಯಲ್ಲಿ ಕಲಸುವ ಪದ್ಧತಿ. ಹಲ್ಲು ತುಂಬಲು ತೂಕದಲ್ಲಿ ಒಂದು ಭಾಗ ದ್ರವಕ್ಕೆ ಸುಮಾರು ಮೂರು ಭಾಗ ಪುಡಿ ಬೀಳಬೇಕು. ಅಲ್ಲಿನ ಸಹಾಯಕರು ಚಮಚೆಯನ್ನು ಮಟ್ಟ ಮಾಡದೆ ಪುಡಿ ಸುರಿದರು. ಗಟ್ಟಿಯಾಯಿತೆಂದು ಇನ್ನೊಂದು ಹನಿ ದ್ರವ ಬಿಟ್ಟರು. ಅಷ್ಟರಲ್ಲಿ ವೈದ್ಯರಿಗೆ ಫೋನ್ ಬಂತು. ಹಿಟ್ಟಿನ ಮೇಲಿನ ಹೊಳಪು ಆರಿ ಮಂಕಾಗುವುದನ್ನು ನಾನೇ ಮಲಗಿದಲ್ಲಿಂದ ನೋಡಿದೆ, ಅದರ ಅರ್ಥ ಆಗ ತಿಳಿಯಲಿಲ್ಲ. ಆ ಹೊಳಪು ಎಂದರೆ ಆಮ್ಲದ ಕೊಂಡಿಗಳು ಇನ್ನೂ ಖಾಲಿ ಇವೆ, ಹಲ್ಲಿನ ಕ್ಯಾಲ್ಸಿಯಮ್ಮನ್ನು ಹಿಡಿಯಲು ಸಿದ್ಧವಿವೆ ಎಂದು. ಹೊಳಪು ಹೋದರೆ ಕೈಗಳೆಲ್ಲ ಗಾಜನ್ನೇ ಹಿಡಿದು ಮುಗಿದಿವೆ, ಹಲ್ಲಿಗೆ ಅಂಟುವುದಕ್ಕೆ ಏನೂ ಉಳಿದಿಲ್ಲ. ಮಂಕಾದದ್ದನ್ನೇ ಒತ್ತಿ ತುಂಬಿ, ಬಾಯಿ ಮುಕ್ಕಳಿಸಿ ಎಂದರು. ಮುಕ್ಕಳಿಸಿದೆ. ಒಂದೇ ಭೇಟಿಯಲ್ಲಿ ಎರಡು ತಪ್ಪು.

ಏಕೆ ತಪ್ಪು ಎಂದರೆ, ಈ ಸಿಮೆಂಟಿಗೆ ನೀರಿನ ಜೊತೆ ಇರುವುದು ಅತ್ತೆ ಸೊಸೆಯ ಸಂಬಂಧ. ಕಲಸಿದ ಕೂಡಲೇ ಆಮ್ಲದ ಪ್ರೋಟಾನುಗಳು ಗಾಜಿನ ಕಣಗಳ ಮೇಲ್ಮೈಯನ್ನು ಕೆರೆಯುತ್ತವೆ. ಕ್ಯಾಲ್ಸಿಯಂ ಅಥವಾ ಸ್ಟ್ರಾನ್ಷಿಯಂ ಮೊದಲು ಹೊರಬಂದು ಸರಪಳಿಗಳನ್ನು ಒಂದಕ್ಕೊಂದು ಹೊಲಿಯುತ್ತದೆ. ಇದು ಕೆಲವೇ ನಿಮಿಷದ ಗಟ್ಟಿತನ. ಅಲ್ಯೂಮಿನಿಯಂ ನಿಧಾನಿ. ಅದು ಹೊರಬಂದು ಹೊಲಿಗೆ ಬಿಗಿ ಮಾಡುವುದಕ್ಕೆ ಒಂದು ದಿನ ಬೇಕು, ಆಮೇಲೂ ವಾರಗಟ್ಟಲೆ ಕೆಲಸ ನಡೆಯುತ್ತಿರುತ್ತದೆ. ಗಾಜಿನಲ್ಲಿ ನಾಲ್ಕು ಆಕ್ಸಿಜನ್ನುಗಳ ನಡುವೆ ಇದ್ದ ಅಲ್ಯೂಮಿನಿಯಂ ಸಿಮೆಂಟಿನಲ್ಲಿ ಆರರ ನಡುವೆ ಕೂರುತ್ತದೆ, ಪರಮಾಣು ಕಾಂತೀಯ ಅನುರಣನದ ಅಳತೆಯಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಕೆರೆದುಹೋದ ಕಣಗಳ ಸುತ್ತ ಸಿಲಿಕಾದ ಅಂಟುಪದರ ಉಳಿಯುತ್ತದೆ, ನಡುವಿನ ಗಾಜು ಹಾಗೆಯೇ ತುಂಬುಕಲ್ಲಾಗಿ ನಿಲ್ಲುತ್ತದೆ. ಈ ಹೊತ್ತಿನಲ್ಲಿ ಹೊರಗಿನ ನೀರು ನುಗ್ಗಿದರೆ ಹೊಲಿಗೆಗೆಂದು ಬಂದ ಅಯಾನುಗಳು ತೊಳೆದುಹೋಗಿ ಮೇಲ್ಮೈ ಸೀಮೆಸುಣ್ಣದಂತಾಗುತ್ತದೆ. ಹಾಗೆಂದು ಒಣಗಿಸಿದರೆ ಒಳಗಿನ ನೀರೇ ಆರಿ ಬಿರುಕು ಬಿಡುತ್ತದೆ. ನನ್ನ ಮೊದಲ ಫಿಲ್ಲಿಂಗಿನ ಮೇಲೆ ನಾಲಿಗೆ ಆಡಿಸಿದರೆ ಮೂರನೆಯ ದಿನವೇ ಸುಣ್ಣದ ತರಿ ತಾಗುತ್ತಿತ್ತು.

ಎರಡನೆಯ ಸಲ ಬೇರೆ ದಂತವೈದ್ಯೆ. ಪುಡಿ ಮತ್ತು ದ್ರವ ಒಂದೇ ಕ್ಯಾಪ್ಸೂಲಿನಲ್ಲಿ ಅಳೆದು ಇಟ್ಟದ್ದು. ನಡುವಿನ ತೆರೆ ಒಡೆದು, ಅಲುಗಾಡಿಸುವ ಯಂತ್ರಕ್ಕೆ ಸಿಕ್ಕಿಸಿ, ಸುಮಾರು ಹತ್ತು ಸೆಕೆಂಡು ಗಿರ್ರೆನಿಸಿದರು. ಅದಕ್ಕೂ ಮೊದಲು ಗುಳಿಗೆ ತೆಳು ಪಾಲಿಅಕ್ರಿಲಿಕ್ ಆಮ್ಲ ಸವರಿ, ಕೆಲವೇ ಸೆಕೆಂಡು ಬಿಟ್ಟು ತೊಳೆದು, ಒಣಗಿಸದೆ ಬರೀ ಒತ್ತಿ ಒರೆಸಿದರು.

“ಪೂರ್ತಿ ಒಣಗಿಸುವುದಿಲ್ಲವೇ ಡಾಕ್ಟರೇ?” ಎಂದು ಬಾಯಿ ತೆರೆದುಕೊಂಡೇ ಹೇಗೋ ಕೇಳಿದೆ.

“ಇಲ್ಲ ಅಮ್ಮಾ, ಇದಕ್ಕೆ ಸ್ವಲ್ಪ ತೇವ ಬೇಕು. ನೀವು ಮಾತಾಡಿದರೆ ಹೆಚ್ಚಾಗುತ್ತದೆ,” ಎಂದರು.

ಅಲ್ಲಿಗೆ ನನ್ನ ಬಾಯಿ ಮುಚ್ಚಿತು, ಅಂದರೆ ತೆರೆದೇ ಇತ್ತು. ಹೊಳೆಯುವ ಹಿಟ್ಟು ಗುಳಿಗೆ ಬಿತ್ತು, ಮೇಲೆ ಪಾರದರ್ಶಕ ಪಟ್ಟಿ ಒತ್ತಿ ಹಿಡಿದು ಕಾದರು. ಪಟ್ಟಿ ತೆಗೆದ ಮರುಕ್ಷಣ ವಾರ್ನಿಷ್. ಅಂಚಿನಲ್ಲಿ ಉಳಿದ ತುಣುಕನ್ನು ಕೆತ್ತಿ, ಮತ್ತೊಂದು ಪದರ ವಾರ್ನಿಷ್. ಆ ದಿನ ಆ ಬದಿಗೆ ಬ್ರಷ್ ತಾಗಿಸಬೇಡಿ ಎಂದರು. ಅರ್ಧ ಗಂಟೆಗೂ ಕಡಿಮೆ ಹೊತ್ತಿನ ಕೆಲಸ, ನೋವಿನ ಚುಚ್ಚುಮದ್ದೂ ಬೇಕಾಗಲಿಲ್ಲ. ಎರಡು ಫಿಲ್ಲಿಂಗುಗಳ ಪದಾರ್ಥ ಹೆಚ್ಚು ಕಡಿಮೆ ಒಂದೇ. ಒಂದು ಐದು ತಿಂಗಳು, ಇನ್ನೊಂದು ಮೂರು ವರ್ಷ ದಾಟಿ ಇನ್ನೂ ಗಟ್ಟಿ. ಇಷ್ಟು ಕೈಗುಣ ಬೇಡುವ ಸರಕನ್ನು ನಾನು ಬೇರೆ ಕಂಡಿಲ್ಲ.

ಫ್ಲೋರೈಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಸರಕನ್ನು ಮಾರುವವರು ಮೊದಲು ಎತ್ತಿ ಹೇಳುವುದೇ ಅದನ್ನು. ಹೇಳಿಕೆಯ ಅರ್ಧ ಭಾಗ ಗಟ್ಟಿ. ಹೊಸ ಸಿಮೆಂಟಿನಿಂದ ಮೊದಲ ಒಂದೆರಡು ದಿನ ಫ್ಲೋರೈಡ್ ಧಾರಾಳವಾಗಿ ಹೊರಬರುತ್ತದೆ: ಕಲಸುವಾಗ ಕೆರೆದುಹೋದ ಗಾಜಿನಿಂದ ಬಿಡುಗಡೆಯಾಗಿ, ಇನ್ನೂ ಎಲ್ಲೂ ನೆಲೆ ಸಿಗದೆ ಮೇಲ್ಮೈ ಬಳಿ ನಿಂತದ್ದು. ಆಮೇಲೆ ಒಳಗಿನಿಂದ ನಿಧಾನವಾಗಿ ಒಸರುತ್ತಾ ಬರುತ್ತದೆ, ಮೊತ್ತ ಕಾಲದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಎಂದರೆ ಇಂದಿನವರೆಗೆ ಒಸರಿದಷ್ಟೇ ಇನ್ನೊಮ್ಮೆ ಒಸರಲು ಇಂದಿನವರೆಗಿನ ಮೂರು ಪಟ್ಟು ಕಾಲ ಕಾಯಬೇಕು. ವರ್ಗಮೂಲ ಕಂಡರೆ ನನ್ನಂಥವರಿಗೆ ಖುಷಿ, ಅದು ವಿಸರಣದ, ಅಂದರೆ ಕಣಗಳು ತಾವಾಗಿಯೇ ಹರಡಿಕೊಳ್ಳುವುದರ ಸಹಿ. ನನ್ನ ಕುಲುಮೆಯಲ್ಲಿ ಫ್ಲೋರೈಡನ್ನು ಜಿಗಿಸಲು ಬಿಸಿ ಬೇಕಿತ್ತು; ಇಲ್ಲಿ ಮೈಬಿಸಿಯಲ್ಲೇ ಸಾಗುತ್ತದೆ, ಏಕೆಂದರೆ ಸಿಮೆಂಟಿನೊಳಗಿನ ನೀರೇ ಹಾದಿ. ಒಳಗಿಂದ ಹೊರಟ ಫ್ಲೋರೈಡಿನ ಜಾಗಕ್ಕೆ ಹೈಡ್ರಾಕ್ಸಿಲ್ ಬಂದು ಕೂರಬಲ್ಲದು. ನನ್ನ ಹಳೆಯ ಗಾಜನ್ನು ಹಾಳುಮಾಡುತ್ತಿದ್ದ ಅದೇ ಹೈಡ್ರಾಕ್ಸಿಲ್ ಇಲ್ಲಿ ಬದಲಿ ಬಾಡಿಗೆದಾರ!

ಇನ್ನೊಂದು ಸೊಗಸಿದೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಟ್ಟಾಗ ಸಿಮೆಂಟಿನಿಂದ ಫ್ಲೋರೈಡ್ ಇನ್ನೂ ಹೆಚ್ಚಾಗಿ ಹೊರಬರುತ್ತದೆ, ಜೊತೆಗೆ ಆ ಆಮ್ಲದ ತೀಕ್ಷ್ಣತೆಯನ್ನೂ ಸಿಮೆಂಟು ಒಂದಿಷ್ಟು ತಗ್ಗಿಸುತ್ತದೆ. ಹಲ್ಲಿನ ಖನಿಜ ಪಿಎಚ್ (ಇಳಿದಷ್ಟೂ ಆಮ್ಲ ತೀಕ್ಷ್ಣ ಎನ್ನುವ ಅಳತೆ) ಸುಮಾರು 5.5ಕ್ಕೆ ಇಳಿದರೆ ಕರಗತೊಡಗುತ್ತದೆ. ಅದರ ಹೈಡ್ರಾಕ್ಸಿಲ್ ಜಾಗದಲ್ಲಿ ಫ್ಲೋರೈಡ್ ಕೂತ ಫ್ಲೋರ್ಅಪಟೈಟ್ ಆದರೆ ಸುಮಾರು 4.5ರವರೆಗೆ ತಾಳುತ್ತದೆ. ಖಾಲಿಯಾದ ಸಿಮೆಂಟು ಟೂತ್‌ಪೇಸ್ಟಿನ ಫ್ಲೋರೈಡನ್ನು ಹೀರಿ ಮತ್ತೆ ಬಿಡುವುದೂ ಉಂಟು, ಆದರೆ ಮೊದಲ ದಿನಗಳ ಧಾರಾಳ ಮರಳಿ ಬರುವುದಿಲ್ಲ.

ಹೇಳಿಕೆಯ ಉಳಿದರ್ಧ ಅಷ್ಟು ಗಟ್ಟಿಯಲ್ಲ. ಬೀಕರಿನಲ್ಲಿ ಫ್ಲೋರೈಡ್ ಹೊರಬರುವುದನ್ನು ಅಳೆಯುವುದು ಸುಲಭ. ಅದರಿಂದಲೇ ಬಾಯಿಯಲ್ಲಿ ಫಿಲ್ಲಿಂಗಿನ ಅಂಚಿನ ಹುಳುಕು ತಪ್ಪಿತು ಎಂದು ಸಾಧಿಸುವುದು ಕಷ್ಟ, ರೋಗಿಗಳ ಮೇಲಿನ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನನ್ನ ಹಲ್ಲಿಗೆ ಹುಳುಕು ಬಂದಿಲ್ಲ. ಅದು ಗಾಜಿನ ಪುಣ್ಯವೋ, ಬ್ರಷ್ ಹಿಡಿಯುವ ರೀತಿ ಬದಲಿಸಿದ ಫಲವೋ, ಹೇಳಲಾರೆ. ಒಂದೇ ಹಲ್ಲಿನಿಂದ ಸಿದ್ಧಾಂತ ಕಟ್ಟಿದರೆ ನನ್ನ ಹಳೆಯ ಮಾರ್ಗದರ್ಶಕರು ಪ್ರಬಂಧವನ್ನು ಮುಖಕ್ಕೆ ಎಸೆಯುತ್ತಿದ್ದರು.

ದೂರುಗಳೂ ಇವೆ. ಬಣ್ಣ ಹಲ್ಲಿಗೆ ಹತ್ತಿರ, ಹಲ್ಲಲ್ಲ: ಕನ್ನಡಿ ಮುಂದೆ ತುಟಿ ಎಳೆದು ನೋಡಿದರೆ ತೇಪೆ ಹಾಕಿದ್ದು ಗೊತ್ತಾಗುತ್ತದೆ. ಎರಡನೆಯ ವರ್ಷ ಮೇಲಂಚಿನಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಮೂಡಿತು, ವೈದ್ಯೆ ಉಜ್ಜಿ ತೆಗೆದರು, ಮತ್ತೆ ಮೂಡುತ್ತಿದೆ. ಮೇಲ್ಮೈಯ ನುಣುಪು ಹೋಗಿದೆ, ನಾಲಿಗೆಗೆ ಸಣ್ಣ ಉಪ್ಪುಕಾಗದದ ಅನುಭವ. ಜಗಿಯುವ ಮುಖದ ದೊಡ್ಡ ಗುಳಿಗಾದರೆ ನಾನು ಇದನ್ನು ನೆಚ್ಚಿಕೊಳ್ಳುತ್ತಿರಲಿಲ್ಲ, ಏಕೆಂದರೆ ಬಾಗುವ ಒತ್ತಡಕ್ಕೆ ಇದು ಎಷ್ಟೆಂದರೂ ಗಾಜಿನ ಮಗು, ಸಿಡಿಯುತ್ತದೆ. ಅಲ್ಲಿಗೆ ರಾಳದ ಫಿಲ್ಲಿಂಗೇ ವಾಸಿ. ಹಲ್ಲಿನ ಬುಡಕ್ಕೆ, ವಸಡಿನ ತೇವ ತಪ್ಪದ ಜಾಗಕ್ಕೆ, ಅಲುಗಾಡದೆ ಕೂರದ ಮಕ್ಕಳ ಹಾಲುಹಲ್ಲಿಗೆ ಇದು ಹೇಳಿ ಮಾಡಿಸಿದ್ದು. ಕೊರೆಯುವ ಯಂತ್ರವೂ ವಿದ್ಯುತ್ತೂ ಇಲ್ಲದೆ, ಕೈ ಉಪಕರಣದಿಂದ ಹುಳುಕು ಕೆರೆದು ಈ ಸಿಮೆಂಟು ತುಂಬುವ ಪದ್ಧತಿ 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಶುರುವಾದದ್ದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಪಟ್ಟಿಗೆ ಇದನ್ನು ಸೇರಿಸಿತು. ಗಾಜು ಔಷಧಗಳ ಪಟ್ಟಿಯಲ್ಲಿ! ಕುಲುಮೆಯ ಮುಂದೆ ಕೂತಿದ್ದಾಗ ಯಾರಾದರೂ ಇದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಹಾಕಿಸಿಕೊಂಡವರು ಒಂದು ವಿಷಯದಲ್ಲಿ ಜಾಗ್ರತೆ ವಹಿಸಬೇಕು. ಹಲ್ಲಿಗೆ ಹಚ್ಚುವ ಫ್ಲೋರೈಡ್ ಜೆಲ್‌ಗಳಲ್ಲಿ ಫಾಸ್ಫೇಟ್ ಬೆರೆಸಿ ಆಮ್ಲೀಯ ಮಾಡಿದ ಜಾತಿಯೊಂದಿದೆ. ಆಮ್ಲವೂ ಫ್ಲೋರೈಡೂ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲದ ಅಂಶ ಹುಟ್ಟುತ್ತದೆ, ಗಾಜಿನ ಮೇಲೆ ಅಕ್ಷರ ಕೊರೆಯುವವರು ಬಳಸುವುದು ಅದನ್ನೇ. ಅದು ಈ ಸಿಮೆಂಟಿನ ಮೇಲ್ಮೈಯನ್ನೂ ಕೊರೆಯುತ್ತದೆ. ಕಳೆದ ತಪಾಸಣೆಯಲ್ಲಿ ಜೆಲ್ ಹಚ್ಚೋಣವೇ ಎಂದು ಕೇಳಿದಾಗ, ಯಾವ ಜಾತಿಯದು ಎಂದು ನಾನು ಮರುಪ್ರಶ್ನೆ ಹಾಕಿದೆ. ವೈದ್ಯೆ ಡಬ್ಬ ತಿರುಗಿಸಿ ಓದಿ, ಒಳಗಿಟ್ಟು, ತಟಸ್ಥ ಸೋಡಿಯಂ ಫ್ಲೋರೈಡಿನದನ್ನು ತೆಗೆದರು. “ನೀವು ಯಾವ ಕೆಲಸದಲ್ಲಿ ಇದ್ದಿರಿ ಅಮ್ಮಾ?” ಎಂದು ಆಗ ಕೇಳಿದರು. ಬಾಯಲ್ಲಿ ಟ್ರೇ ಇತ್ತು, ಹೇಳಲಾಗಲಿಲ್ಲ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ಕಂದು ಗೆರೆಗೆ. ತಣ್ಣೀರಿನ ಜುಮ್ಮು ಹಾಕಿಸಿದ ವಾರದಲ್ಲೇ ನಿಂತಿತು, ಮರಳಿ ಬಂದಿಲ್ಲ. ಬಲಬದಿಯ ಅದೇ ಹಲ್ಲಿನ ಬುಡದಲ್ಲಿ ಈಗ ಸಣ್ಣ ಮೆಟ್ಟಿಲು ಕಾಣಿಸಿಕೊಂಡಿದೆ, ಹಳೆಯ ಗರಗಸದ ಬಾಕಿ. ಮುಂದಿನ ತಿಂಗಳು ಹೋಗುತ್ತೇನೆ. ಕ್ಯಾಪ್ಸೂಲೇ ಬೇಕು ಎಂದು ಮೊದಲೇ ಹೇಳಿಟ್ಟಿದ್ದೇನೆ.